ಸಾಹೇಬರ ನಾಯಿ, ನಮ್ಮ ನಲ್ಲಿ

ತುಮಕೂರಿಗೆ ಬಂದ ಮೇಲೆ ಒಂಬತ್ತು ವರ್ಷ ನಾನು ನೀರು ಹಿಡಿದದ್ದು ಬೀದಿ ನಲ್ಲಿಯಲ್ಲಿ. ಬೆಳಗಿನ ಐದು ಗಂಟೆಗೆ ಬಿಂದಿಗೆಯನ್ನು ಸಾಲಿಗಿಟ್ಟು, ಅದನ್ನು ಯಾರೂ ಹಿಂದಕ್ಕೆ ಸರಿಸದ ಹಾಗೆ ಕಾವಲು ನಿಂತು, ಮಧ್ಯೆ ಮಧ್ಯೆ ಒಳಗೆ ಓಡಿ ಅನ್ನದ ಗಂಜಿ ಬಸಿದು, ಎಂಟು ಗಂಟೆಯೊಳಗೆ ಸ್ಕೂಲು ಸೇರಬೇಕು. ನಾನು ಪ್ರೈಮರಿ ಸ್ಕೂಲಿನ ಟೀಚರು. ಮಕ್ಕಳಿಗೆ ಸಾಲಾಗಿ ನಿಲ್ಲಿ ಎಂದು ಹೇಳುವ ಮೊದಲೇ ಒಂದು ಸಾಲಿನಲ್ಲಿ ನಿಂತು ಜಗಳವಾಡಿ ಬಂದಿರುತ್ತಿದ್ದೆ.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಸದಾಶಿವನಗರದಲ್ಲಿ ಒಂದು ಬಾಡಿಗೆ ಮನೆ ಸಿಕ್ಕಿತು. ಓನರ್ ಮನೆಯ ಹಿಂದಿನ ಪೋರ್ಷನ್ನು, ಎರಡೇ ಕೋಣೆ. ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಒಬ್ಬರ ಮೊಣಕೈ ಇನ್ನೊಬ್ಬರ ಪಕ್ಕೆಗೆ ತಾಗುತ್ತಿತ್ತು. ಆದರೆ ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ನಮಗೇ ಅಂತ ಒಂದು ನಲ್ಲಿ ಇತ್ತು. ಮೊದಲ ದಿನ ಅದನ್ನು ತಿರುಗಿಸಿದೆ, ನಿಲ್ಲಿಸಿದೆ, ಮತ್ತೆ ತಿರುಗಿಸಿದೆ. ನಮ್ಮ ಮನೆಯವರು, “ಸಾಕು ಬಿಡೇ, ವಾಷರ್ ಸವ್ದೋಗುತ್ತೆ” ಅಂದರು.

ಆ ನಲ್ಲಿಯ ಸುಖವನ್ನು ಐದು ತಿಂಗಳು ಅನುಭವಿಸಿದ್ದೆ. ಅಷ್ಟರಲ್ಲಿ ನಾಯಿ ಬಂತು.

ನಮ್ಮವರು ಒಂದು ಸರ್ಕಾರಿ ಆಫೀಸಿನಲ್ಲಿ ಗುಮಾಸ್ತರು. ದೀಪಾವಳಿ ಕಳೆಯುತ್ತಿದ್ದಂತೆ ಅವರ ಸಾಹೇಬರಿಗೆ ಬಳ್ಳಾರಿ ಕಡೆಗೆ ವರ್ಗವಾಯಿತು. ಸಾಹೇಬರಿಗೆ ಹಿಂದೆ ಬೇಟೆಯ ಹುಚ್ಚಿತ್ತಂತೆ. ಬೇಟೆ ಕೂಡದು ಎನ್ನುವ ಕಾಯಿದೆ ಬಂದ ಮೇಲೆ ಕೋವಿಯನ್ನು ಬೀರುವಿನಲ್ಲಿಟ್ಟರು. ನಾಯಿಯನ್ನು ಎಲ್ಲಿಡಬೇಕೋ ಗೊತ್ತಾಗದೆ ನಮ್ಮ ಮನೆಯಲ್ಲಿಟ್ಟರು. “ಕ್ವಾರ್ಟರ್ಸ್ ಸಿಕ್ಕಿದ ತಕ್ಷಣ ಜೀಪ್ ಕಳಿಸ್ತೀನಿ ಕಣ್ರೀ, ಒಂದ್ ತಿಂಗ್ಳು ಅಷ್ಟೆ” ಎಂದರಂತೆ. ಇವರು “ಆಗ್ಲಿ ಸಾರ್” ಅಂದು ಬಂದರು. ಸಾಹೇಬರು ಏನು ಹೇಳಿದರೂ ಇವರ ಬಾಯಲ್ಲಿ ಬೇರೆ ಮಾತು ಬಂದದ್ದನ್ನು ನಾನು ಕೇಳಿಲ್ಲ.

ಬಿಳಿ ಮೈ, ಅದರ ಮೇಲೆ ಕಾಫಿ ಬಣ್ಣದ ಮಚ್ಚೆಗಳು, ಜೋಲು ಕಿವಿ, ಚಾಟಿಯಂಥ ಬಾಲ, ಬಟ್ಟೆ ಒಣಹಾಕುವ ಗಳದಂಥ ಕಾಲುಗಳು. ಪಾಯಿಂಟರ್ ಎಂಬ ಜಾತಿಯಂತೆ. ಅಲ್ಸೇಶಿಯನ್, ಪಾಮೇರಿಯನ್ ಇದ್ದ ಹಾಗೆ ಇದೂ ಒಂದು ಹೆಸರು ಅಂದುಕೊಂಡೆವು. ಆ ಜಾತಿ ಏನು ಮಾಡುತ್ತದೆ ಎಂದು ಸಾಹೇಬರು ಹೇಳಲಿಲ್ಲ, ಇವರು ಕೇಳಲಿಲ್ಲ.

ಅದು ಏನೇನು ಮಾಡುತ್ತದೆ ಎನ್ನುವುದು ಒಂದೇ ವಾರದಲ್ಲಿ ನನಗೆ ಅರ್ಥವಾಯಿತು. ಓಡುತ್ತದೆ. ಓಡಲು ಬಿಡದಿದ್ದರೆ ಅಗೆಯುತ್ತದೆ. ಅಗೆಯಲು ಬಿಡದಿದ್ದರೆ ಅಗಿಯುತ್ತದೆ. ನಲ್ಲಿಯ ಪಕ್ಕ ನೆಟ್ಟಿದ್ದ ದೊಡ್ಡಪತ್ರೆ ಬುಡ ಸಮೇತ ಹೋಯಿತು. ನಮ್ಮವರ ಹವಾಯಿ ಚಪ್ಪಲಿ, ನನ್ನ ಚಾಪೆಯ ಒಂದು ಅಂಚು, ಹೈಸ್ಕೂಲಿನಲ್ಲಿದ್ದ ಮಗಳ ಜಾಮಿಟ್ರಿ ಬಾಕ್ಸಿನ ಮುಚ್ಚಳ, ಪೊರಕೆಯ ಅರ್ಧ. ಒಮ್ಮೆ ಕಾಂಪೌಂಡು ಹಾರಿ ಬೀದಿಯೆಲ್ಲ ಸುತ್ತಿ, ಒಂದೊಂದು ಮನೆಯಿಂದ ಒಂದೊಂದೇ ಚಪ್ಪಲಿ ತಂದು ನಮ್ಮ ಬಾಗಿಲಲ್ಲಿ ಗುಡ್ಡೆ ಹಾಕಿತ್ತು. ಭಾನುವಾರ ಬೆಳಿಗ್ಗೆ ಏಳು ಚಪ್ಪಲಿಗಳನ್ನು ಚೀಲಕ್ಕೆ ತುಂಬಿಕೊಂಡು, “ಇದು ನಿಮ್ದಾ ನೋಡಿ” ಎಂದು ಮನೆಮನೆಗೆ ಹೋದ ಟೀಚರು ಊರಿನಲ್ಲಿ ನಾನೊಬ್ಬಳೇ ಇರಬೇಕು.

ದಿನಕ್ಕೆ ಎರಡು ಗಂಟೆ ಓಡಿಸಬೇಕು ಎಂದು ಸಾಹೇಬರು ಹೇಳಿಹೋಗಿದ್ದರು. ನಮ್ಮವರು ಮೂರು ದಿನ ಓಡಿಸಿ ಸೊಂಟ ಹಿಡಿದುಕೊಂಡು ಕೂತರು. ಆಮೇಲೆ ಅದೂ ನನ್ನ ಪಾಲಿಗೇ ಬಂತು. ನೀರಿನ ಸಾಲು ತಪ್ಪಿತು ಎಂದು ಆರು ಗಂಟೆಗೆ ಏಳುವ ಅಭ್ಯಾಸ ಮಾಡಿಕೊಂಡಿದ್ದವಳು ಮತ್ತೆ ಐದಕ್ಕೇ ಎದ್ದು, ಸೆರಗು ಸೊಂಟಕ್ಕೆ ಬಿಗಿದು, ಬಡಾವಣೆ ಮುಗಿದು ರಾಗಿ ಹೊಲ ಶುರುವಾಗುವ ಕಡೆಗೆ ಚೈನು ಹಿಡಿದು ಹೊರಡುತ್ತಿದ್ದೆ. ಹೊರಟದ್ದು ನಾನಲ್ಲ, ಅದು. ನಾನು ಚೈನಿನ ಇನ್ನೊಂದು ತುದಿಯಲ್ಲಿರುತ್ತಿದ್ದೆ. ಹಾಲಿನವನು ಸೈಕಲ್ ನಿಲ್ಲಿಸಿ, “ಟೀಚರಮ್ಮ, ನೀವ್ ನಾಯಿನ ತಿರುಗುಸ್ತಿದೀರೋ, ನಾಯಿ ನಿಮ್ಮುನ್ನ ತಿರುಗುಸ್ತಾ ಐತೋ?” ಎಂದು ದಿನಾ ಕೇಳುತ್ತಿದ್ದ. ದಿನಾ ಅದೇ ಪ್ರಶ್ನೆ. ದಿನಾ ಅವನಿಗೆ ಹೊಸದಾಗಿ ನಗು.

ಇಷ್ಟೇ ಆಗಿದ್ದರೆ ಹೇಗೋ ಸಹಿಸಬಹುದಿತ್ತು. ಮೂರನೇ ವಾರ ನಾಯಿಗೆ ಮೂರ್ಛೆ ಬಂತು.

ಓನರಮ್ಮ ಹತ್ತು ಹನ್ನೆರಡು ನಾಟಿ ಕೋಳಿ ಸಾಕಿದ್ದರು. ಬೆಳಿಗ್ಗೆ ಮಂಕರಿ ಎತ್ತಿ ಕೋಳಿಗಳನ್ನು ಬಿಟ್ಟರೆ ಅವು ಮುಂದಿನ ಅಂಗಳದಿಂದ ಹಿತ್ತಲವರೆಗೂ ಕೆದಕುತ್ತ ಬರುತ್ತಿದ್ದವು. ಅವತ್ತು ನಾನು ಪಾತ್ರೆ ತೊಳೆಯುತ್ತಿದ್ದೆ. ಒಂದು ಕ್ಷಣವೂ ನೆಟ್ಟಗೆ ನಿಲ್ಲದ ನಾಯಿ ಇದ್ದಕ್ಕಿದ್ದಂತೆ ಕಲ್ಲಿನ ಹಾಗೆ ನಿಂತುಬಿಟ್ಟಿತು. ಮುಂದಿನ ಒಂದು ಕಾಲು ಮಡಿಸಿ ಮೇಲೆತ್ತಿಕೊಂಡಿದೆ, ಬಾಲ ಕೋಲಿನಂತೆ ಸೆಟೆದಿದೆ, ಕಣ್ಣು ಮಿಟುಕಿಸುತ್ತಿಲ್ಲ, ಬಾಯಿಂದ ಜೊಲ್ಲು. ಕರೆದರೂ ಇಲ್ಲ, ಅಲ್ಲಾಡಿಸಿದರೂ ಇಲ್ಲ. ಮೈಯಲ್ಲಿ ಸಣ್ಣ ನಡುಕ.

ಕೈಕಾಲು ಸೆಟೆದು ಜೊಲ್ಲು ಸುರಿದರೆ ಏನು ಮಾಡಬೇಕು ಎನ್ನುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಕೈಗೆ ಕಬ್ಬಿಣ ಕೊಡಬೇಕು, ಮೂಗಿಗೆ ಈರುಳ್ಳಿ ಹಿಡಿಯಬೇಕು. ನಾನು ಒಳಗೆ ಓಡಿ ಬೀಗದ ಕೈ ಗೊಂಚಲು ತಂದು ಅದರ ಮಡಿಸಿದ ಕಾಲಿಗೆ ಒತ್ತಿ ಹಿಡಿದೆ. ಮಗಳು ಈರುಳ್ಳಿ ಜಜ್ಜಿ ಮೂಗಿನ ಹತ್ತಿರ ತಂದಳು. ನಮ್ಮ ಗಲಾಟೆಗೆ ಎದುರಿಗಿದ್ದ ಹೇಂಟೆ ಕೊಕ್ಕೊಕ್ಕೋ ಎಂದು ಓಡಿತು. ನಾಯಿ ಎರಡು ಸಲ ಸೀನಿ, ಮೈ ಕೊಡವಿ, ಮಾಮೂಲಿನಂತೆ ಪೊರಕೆ ಹುಡುಕಿಕೊಂಡು ಹೋಯಿತು. ಗುಣವಾಯಿತು! ನನಗೆ ಒಳಗೊಳಗೇ ಸ್ವಲ್ಪ ಹೆಮ್ಮೆ.

ಮಾರನೇ ದಿನವೂ ಬಂತು. ಅದರ ಮಾರನೇ ದಿನವೂ ಬಂತು. ಪ್ರತಿಸಲವೂ ಬೀಗದ ಕೈ, ಈರುಳ್ಳಿ, ಪ್ರತಿಸಲವೂ ಗುಣ. ಗುಣವಾಗುತ್ತಿತ್ತಲ್ಲ, ಅದೇ ನಮ್ಮನ್ನು ಕೆಡಿಸಿದ್ದು. ಪಶು ಆಸ್ಪತ್ರೆಗೆ ಕರೆದುಕೊಂಡು ಹೋದರೆ ಡಾಕ್ಟರು ಕ್ಯಾಂಪಿಗೆ ಹೋಗಿದ್ದರು. ಇದ್ದವರೊಬ್ಬರು ಜಂತುಹುಳದ ಔಷಧಿ ಕೊಟ್ಟು ಕಳಿಸಿದರು. ಸಾಹೇಬರಿಗೆ ಬರೆಯಿರಿ ಎಂದು ಇವರಿಗೆ ನೂರು ಸಲ ಹೇಳಿದೆ.

“ನಮ್ ಮನೇಗೆ ಬಂದ್ ಮೇಲೆ ಮೂರ್ಛೆ ಬಂತು ಅಂತ ಬರೀಲಾ? ಸಾಹೇಬ್ರು ಏನಂದ್ಕೋತಾರೆ?”

“ಇದ್ದಿದ್ ಇದ್ದಂಗೆ ಬರೀರಿ. ನಾಯಿಗೆ ಬಂದಿರೋದು, ನಿಮಗಲ್ವಲ್ಲ.”

ಇವರು ಇನ್‌ಲ್ಯಾಂಡ್ ಲೆಟರ್ ತಂದು, ಮೇಜಿನ ಮೇಲೆ ಹರಡಿಕೊಂಡು, ದುಂಡಗಿನ ಅಕ್ಷರದಲ್ಲಿ ‘ನಾಯಿ ಕ್ಷೇಮ’ ಎಂದು ಬರೆದು ಪೋಸ್ಟ್ ಮಾಡಿದರು. ಒಂದು ಮಾತು ನಿಜ ಬರೆದಿದ್ದರೆ ಸಾಹೇಬರು ನಕ್ಕು ಎರಡು ಸಾಲಿನಲ್ಲಿ ಎಲ್ಲ ಹೇಳಿಬಿಡುತ್ತಿದ್ದರು. ಇವತ್ತಿಗೂ ಅದನ್ನು ನೆನೆಸಿಕೊಂಡರೆ ನನಗೆ ಮೈ ಉರಿಯುತ್ತದೆ.

ಓನರಮ್ಮ ಕೆಟ್ಟವರಲ್ಲ. ಮನೆಯಲ್ಲಿ ಇನ್ನೂ ನಡೆಯಲು ಕಲಿಯುತ್ತಿದ್ದ ಮೊಮ್ಮಗಳಿದ್ದಳು. ಒಂದು ದಿನ ಬಂದು ನಮ್ಮ ಮೆಟ್ಟಿಲ ಮೇಲೆ ಕೂತು ನಿಧಾನವಾಗಿ ಹೇಳಿದರು: “ಟೀಚರಮ್ಮ, ಹುಚ್ಚಿಡಿಯೋ ಮುಂಚೆ ನಾಯ್ಗುಳು ಹಿಂಗೇ ನಿಲ್ತವಂತೆ. ಪಾಪ, ಕಾಯ್ಲೆ ಪ್ರಾಣಿ, ಈಗ್ಲೇ ಓಡ್ಸಿ ಅಂತ ನಾನ್ ಅನ್ನಲ್ಲ. ಯುಗಾದಿವರ್ಗೂ ಟೈಮ್ ತಗೊಳ್ಳಿ. ಆಮೇಲೆ ನಾಯಿ ಇರ್ಬಾರ್ದು. ಇಲ್ಲ ಅಂದ್ರೆ ನೀವೂ ಬೇರೆ ಕಡೆ ನೋಡ್ಕಂಬುಡಿ.”

ಅವರು ಮಾತಾಡುತ್ತಿದ್ದಾಗ ನನ್ನ ಕಣ್ಣು ನಲ್ಲಿಯ ಮೇಲಿತ್ತು. ತುದಿಯಲ್ಲಿ ಒಂದು ಹನಿ ತೂಗುತ್ತಿತ್ತು. ನಾಯಿ ಹೋಗಲೇಬೇಕು ಎಂದು ಆ ಕ್ಷಣವೇ ನಿಶ್ಚಯ ಮಾಡಿದೆ.

ಸಂಕ್ರಾಂತಿಗೆ ಸ್ವಲ್ಪ ಮುಂಚೆ ಸಾಹೇಬರಿಂದ ಕಾರ್ಡು ಬಂತು. ಕ್ವಾರ್ಟರ್ಸ್ ಚಿಕ್ಕದು, ಅಲ್ಲಿ ಬಿಸಿಲು ಜಾಸ್ತಿ, ನಾಯಿ ಕ್ಷೇಮವಾಗಿದೆ ಎಂದು ತಿಳಿದು ಸಂತೋಷವಾಯಿತು, ನೀವೇ ಇಟ್ಟುಕೊಳ್ಳಿ. ನಮ್ಮವರು ಅದನ್ನು ಎರಡು ಸಲ ಓದಿ, “ನಮ್ ಮೇಲೆ ಎಷ್ಟು ವಿಶ್ವಾಸ ನೋಡು” ಅಂದರು. ಅವತ್ತು ಸಾರಿಗೆ ಉಪ್ಪು ಎರಡು ಸಲ ಬಿತ್ತು.

ಮೊದಲು ಕುಣಿಗಲ್ಲಿನಲ್ಲಿದ್ದ ನನ್ನ ತಮ್ಮನಿಗೆ ಗಂಟು ಹಾಕಿದೆ. ಅವನಿಗೆ ಕೆರೆಯ ಕೆಳಗೆ ತೆಂಗಿನ ತೋಟ. ಬೇಕಾದಷ್ಟು ಓಡಲಿ ಎಂದುಕೊಂಡೆ. ಬೀಗದ ಕೈ, ಈರುಳ್ಳಿಯ ವಿಷಯವನ್ನೂ ಬಿಡಿಸಿ ಹೇಳಿ ಕಳಿಸಿದೆ. ಏಳನೇ ದಿನ ಒಂದು ತೆಂಗಿನಕಾಯಿ ಲಾರಿ ನಮ್ಮ ಬೀದಿಯಲ್ಲಿ ನಿಂತಿತು. ತಮ್ಮ ಇಳಿದ. ಅವನ ಹಿಂದೆ ನಾಯಿ ಇಳಿಯಿತು.

“ತಗೋ ಅಕ್ಕಯ್ಯ, ನಿನ್ ಮಗನ್ನ.”

“ಏನಾಯ್ತೋ?”

“ಏನಾಗ್ಲಿಲ್ಲ ಕೇಳು. ಕೆರೆ ಒಳಗೆ ಇಳ್ದು, ಜೊಂಡಿನ ಮುಂದೆ ನೀರಲ್ಲೇ ಮೂರ್ಛೆ ಹೋಗಿ ನಿಂತದೆ! ಏರಿ ಮೇಲೆ ಜನವೋ ಜನ. ಮುಳುಗೋಯ್ತದೆ ಅಂತ ನಾನು ಬೀಗದ ಕೈ ಬಾಯಲ್ಲಿ ಕಚ್ಕಂಡು ಎದೆಮಟ ನೀರ್ಗೆ ಇಳ್ದೆ. ಅಷ್ಟರಲ್ಲಿ ಜೊಂಡಿಂದ ಎರಡು ನೀರುಕೋಳಿ ಪುರ್ ಅಂತ ಹಾರಿದ್ವು. ಅದುಕ್ಕೆ ಮೂರ್ಛೆ ಬುಡ್ತು. ನಂಗೆ ಶೀತ ಹಿಡೀತು.” ಅವನು ಸೀನಿದ. “ಬರ್ತಾನೂ ಸುಮ್ನಿತ್ತಾ? ಹೆಬ್ಬೂರು ಸಂತೇಲಿ ಲಾರಿ ನಿಲ್ಸಿದ್ದೇ ತಡ, ಎಗ್ರಿ ಕೋಳಿ ಮಾರೋಳ ಪುಟ್ಟಿ ಮುಂದೆ ಮತ್ತೆ ಮೂರ್ಛೆ. ಆಯಮ್ಮ ನಂಗೆ ಬೈದಿದ್ದು ಕೇಳಿದ್ರೆ ನಮ್ಮವ್ವ ಎದ್ದು ಬರೋಳು.”

ಹಿತ್ತಲಲ್ಲಿ ಕೋಳಿ, ಕೆರೆಯಲ್ಲಿ ನೀರುಕೋಳಿ, ಹೆಬ್ಬೂರಿನ ಬುಟ್ಟಿಯಲ್ಲಿ ಕೋಳಿ. ಮೂರನ್ನೂ ಕೂಡಿಸಿ ನೋಡಬೇಕು ಎಂದು ನಮಗೆ ಯಾರಿಗೂ ಹೊಳೆಯಲಿಲ್ಲ. ಮಕ್ಕಳಿಗೆ ಕೂಡುವ ಲೆಕ್ಕ ಕಲಿಸುತ್ತಿದ್ದವಳು ನಾನು. ತಮ್ಮನಿಗೆ ಮೆಣಸಿನ ಕಷಾಯ ಮಾಡಿಕೊಟ್ಟೆ.

ಉಳಿದದ್ದು ಗುಬ್ಬಿ ತಾಲ್ಲೂಕು, ಹಾಗಲವಾಡಿ ಕಡೆಯ ಅಕ್ಕನ ಮನೆ. ನಮ್ಮ ಕಡೆ ಯುಗಾದಿಯ ಮಾರನೇ ದಿನ ಹೊಸತೊಡಕು. ಅವತ್ತು ಗಂಡಸರು ಬಲೆ, ದೊಣ್ಣೆ, ನಾಯಿ ಕಟ್ಟಿಕೊಂಡು ಬೇಟೆಗೆ ಹೋಗಬೇಕು; ಒಂದು ಮೊಲವಾದರೂ ಬಿದ್ದರೆ ವರ್ಷವೆಲ್ಲ ಒಳ್ಳೆಯದಾಗುತ್ತದೆ ಎಂದು ನಂಬಿಕೆ. ಕಾಯಿದೆ ಬಂದು ವರ್ಷಗಳಾಗಿದ್ದವು. ಆ ಊರಿಗೆ ಅದು ಇನ್ನೂ ತಲುಪಿರಲಿಲ್ಲ. ಬೇಟೆ ನಾಯಿ ಎಂದು ಕೇಳಿದ್ದೇ ತಡ, ಭಾವ, “ಕರ್ಕಂಬಾ ನಾದ್ನಿ, ಅಂಥದ್ದೊಂದು ಬೇಕಾಗಿತ್ತು. ಮೂರ್ಛೆಗೀರ್ಛೆ ಎಲ್ಲ ಹೊಲದಲ್ಲಿ ಓಡುದ್ರೆ ಹೊಂಟೋಯ್ತದೆ” ಎಂದು ಹೇಳಿ ಕಳಿಸಿದ್ದರು. ನಾವು ಮೂವರೂ ನಾಯಿಯ ಜೊತೆ ಹಬ್ಬಕ್ಕೆ ಹೋದೆವು. ಬರುವಾಗ ಮೂವರೇ ಬರುತ್ತೇವೆ ಎಂದು ನಾನು ಮನಸ್ಸಿನಲ್ಲೇ ಕುಣಿಯುತ್ತಿದ್ದೆ.

ಹೊಸತೊಡಕಿನ ದಿನ ಬೆಳಿಗ್ಗೆ ಗಂಡಸರು ಹೊರಟರು. ನಾನೂ ಅಕ್ಕನೂ ಒರಳಿನ ಮುಂದೆ ಕೂತು ಮಸಾಲೆ ರುಬ್ಬಿದೆವು. ಮಧ್ಯಾಹ್ನ ಅವರು ಬರಿಗೈಲಿ ಬಂದರು. ಭಾವ ಟವೆಲ್ಲಿನಲ್ಲಿ ನಾಯಿಯ ಕುತ್ತಿಗೆ ಬಿಗಿದು ಎಳೆದುಕೊಂಡು ಬರುತ್ತಿದ್ದರು.

“ಏನ್ ನಾಯಿನೇ ಇದು! ಮೊಲ ಮುಂದ್ಗಡೇನೇ ಕುಂತದೆ. ನಮ್ ನಾಯ್ಗುಳು ಇನ್ನೂ ಹಿಂದೆ ಅವೆ. ಇದು ಹಿಡ್ಯದ್ ಬುಟ್ಟು ಪಟ ತೆಗಿಸ್ಕಳಂಗೆ ಕಾಲೆತ್ಕಂಡ್ ನಿಂತದೆ! ಮೊಲ ಒಂದ್ ಗಳಿಗೆ ಇದರ ಮಕ ನೋಡ್ತು, ಹೊಂಟೋಯ್ತು. ಹಬ್ಬದ್ ದಿನ ಮರ್ವಾದೆ ತಗೀತು.”

ನಾನು ಅಭ್ಯಾಸಬಲದಿಂದ, “ಬೀಗದ ಕೈ ಹಿಡಿದ್ರಾ ಭಾವ?” ಎಂದು ಕೇಳಿದೆ.

ಜಗಲಿಯ ಮೇಲೆ ಅಕ್ಕನ ಮಾವ ಎಲೆಅಡಿಕೆ ಕುಟ್ಟುತ್ತ ಕೂತಿದ್ದರು. ಎಂಬತ್ತು ದಾಟಿದ ಮುದುಕರು. ಕುಟ್ಟುವುದನ್ನು ನಿಲ್ಲಿಸಿ, “ಯಾಕವ್ವಾ ಬೀಗದ ಕೈ?” ಅಂದರು. ನಾನು ಎಲ್ಲ ಹೇಳಿದೆ: ಕಾಲು ಮಡಿಸುವುದು, ಬಾಲ ಸೆಟೆಯುವುದು, ಈರುಳ್ಳಿ, ಗುಣವಾಗುವುದು. ಮುದುಕರಿಗೆ ಮೊದಲು ಕೆಮ್ಮು ಬಂತು. ಆಮೇಲೆ ಅದು ನಗು ಎಂದು ಗೊತ್ತಾಯಿತು. ಕಣ್ಣೊರೆಸಿಕೊಂಡು ಎದ್ದು, ಕೋಲು ಹಿಡಿದು, “ಬಾ ಮಗಾ” ಎಂದು ನಾಯಿಯನ್ನೂ ನನ್ನನ್ನೂ ಮನೆಯ ಹಿಂದಿನ ಹೊಲಕ್ಕೆ ಕರೆದುಕೊಂಡು ಹೋದರು.

ರಾಗಿ ಕೊಯ್ದು ಬಿಟ್ಟ ಹೊಲ, ಬದುವಿನ ಮೇಲೆ ಲಂಟಾನದ ಪೊದೆ. ಪೊದೆ ಇನ್ನೂ ಹತ್ತು ಮಾರು ಇರುವಾಗಲೇ ನಾಯಿ ನಿಂತಿತು. ಕಾಲು ಮೇಲೆ, ಬಾಲ ನೆಟ್ಟಗೆ. ಮುದುಕರು ಹೋಗಿ ಕೋಲಿನಿಂದ ಪೊದೆಗೆ ಒಂದು ಬಡಿದರು. ನಾಲ್ಕು ಗೌಜುಗದ ಹಕ್ಕಿಗಳು ಬರ್‍ರೆಂದು ಎದ್ದು ಹಾರಿದವು.

“ನೋಡ್ದಾ? ಮೂರ್ಛೆನೂ ಇಲ್ಲ, ಮಣ್ಣೂ ಇಲ್ಲ ಕಣವ್ವ. ಹಿಂದೆ ದೊಡ್ ದೊಡ್ ಅಮಲ್ದಾರ್ರು ಹಕ್ಕಿ ಹೊಡಿಯಕೆ ಬರೋರು, ನಾನು ಪೊದೆ ಬಡಿಯಕೆ ಹೋಗ್ತಿದ್ದೆ. ಅವ್ರತ್ರ ಇಂಥವೇ ಇರೋವು. ಹಿಡ್ಯಂಗಿಲ್ಲ, ಬೊಗಳಂಗಿಲ್ಲ. ಇಲ್ಲಿ ಅದೆ ಅಂತ ತೋರ್ಸಿ, ಕೋವಿ ಬರೋಗಂಟ ಉಸ್ರು ಬುಡ್ದೆ ನಿಂತಿರ್ಬೇಕು. ಅದ್ಕೆ ಕಲ್ಸಿರೋದೇ ಅದು.”

ನಾಯಿ ಹಾರಿದ ಹಕ್ಕಿಗಳನ್ನು ನೋಡಿತು. ಆಮೇಲೆ ತಿರುಗಿ ಮುದುಕರ ಕೈ ನೋಡಿತು.

“ನೋಡು, ನನ್ ಕೆಲ್ಸ ನಾನ್ ಮಾಡ್ದೆ, ನೀನ್ಯಾಕ್ಲಾ ಹೊಡೀಲಿಲ್ಲ ಅಂತ ಕೇಳ್ತದೆ” ಅಂದರು ಮುದುಕರು.

ಐದು ತಿಂಗಳು. ಐದು ತಿಂಗಳು ಅದು ಬೆಳಿಗ್ಗೆದ್ದು ತನ್ನ ಕೆಲಸ ಸರಿಯಾಗಿ ಮಾಡಿದೆ. ನಾನು ಓಡಿ ಹೋಗಿ ಅದರ ಮೂಗಿಗೆ ಈರುಳ್ಳಿ ಹಿಂಡಿದ್ದೇನೆ. ನಗು ಬರಲಿಲ್ಲ. ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೋ ತಿಳಿಯದೆ, ಜಗಲಿಯ ಮೇಲೆ ಅಂಗಾತ ಮಲಗಿದ್ದ ನಮ್ಮವರ ಮೇಲೆ ಮಾಡಿಕೊಂಡೆ.

ಭಾವ ನಾಯಿಯನ್ನು ಇಟ್ಟುಕೊಳ್ಳಲಿಲ್ಲ. “ಕೋವಿ ಇಲ್ದಿರೋ ಊರ್ಗೆ ಕೋವಿ ನಾಯಿ ತಂದಿದೀಯಲ್ಲ ನಾದ್ನಿ. ನಮ್ಗೆ ಓಡೋದ್ ಬೇಕು, ನಿಲ್ಲೋದಲ್ಲ” ಎಂದು ಗಾಡಿ ಕಟ್ಟಿಸಿ ಗುಬ್ಬಿಯವರೆಗೆ ಬಿಟ್ಟರು. ಅಲ್ಲಿಂದ ಒಂದು ಕೊಬ್ಬರಿ ಟೆಂಪೋ. ಆದರೆ ನನಗೆ ಆಗ ಬೇಸರವಿರಲಿಲ್ಲ. ನಾಯಿಗೆ ಕಾಯಿಲೆಯೇ ಇಲ್ಲ ಎಂದ ಮೇಲೆ ಓನರಮ್ಮನಿಗೆ ಇನ್ನೇನು ತಕರಾರು? ಮೂಟೆಗಳ ಮೇಲೆ ಕೂತು, ಪಾಠ ಒಪ್ಪಿಸುವ ಹಾಗೆ, ಅವರಿಗೆ ಹೇಗೆ ಹೇಳಬೇಕು ಎಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹೇಳಿಕೊಂಡು ಬಂದೆ.

ಮಾರನೇ ಬೆಳಿಗ್ಗೆ ಓನರಮ್ಮನನ್ನು ಹಿತ್ತಲಿಗೆ ಕರೆದೆ. ಕೋಳಿ ಬಂತು, ನಾಯಿ ನಿಂತಿತು. ನಾನು ಕೈ ತಟ್ಟಿದೆ, ಕೋಳಿ ಓಡಿತು, ನಾಯಿ ಸರಿಹೋಯಿತು. ಇನ್ನೊಂದು ಸಲ ಮಾಡಿ ತೋರಿಸಿದೆ. ಪಾಯಿಂಟರ್ ಜಾತಿ, ಅಮಲ್ದಾರರು, ಗೌಜುಗ, ಎಲ್ಲ ವಿವರಿಸಿದೆ. ಕ್ಲಾಸಿನಲ್ಲಿ ಕೂಡ ನಾನು ಅಷ್ಟು ಚೆನ್ನಾಗಿ ಪಾಠ ಮಾಡಿದ್ದಿಲ್ಲ.

ಓನರಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು ಪೂರ್ತಿ ಕೇಳಿದರು.

“ಅಂದ್ರೆ ಕಾಯ್ಲೆ ಇಲ್ಲ?”

“ಇಲ್ವೇ ಇಲ್ಲ ಅಮ್ಮಾವ್ರೆ!”

“ಐದ್ ತಿಂಗ್ಳಿಂದ ನಮ್ ಕೋಳಿ ಮೇಲೆ ಕಣ್ಣಿಟ್ಟಿತ್ತು ಅನ್ನಿ.”

“ಅಯ್ಯೋ, ಹಿಡಿಯಲ್ಲ ಅಮ್ಮಾವ್ರೆ, ಇಲ್ಲಿದೆ ಅಂತ ತೋರಿಸುತ್ತೆ, ಅಷ್ಟೆ.”

“ಯಾರಿಗ್ ತೋರ್ಸುತ್ತೆ?”

ನಾನು ಮತ್ತೆ ಅಮಲ್ದಾರರಿಂದ ಪಾಠ ಶುರುಮಾಡಿದೆ.

“ಕಾಯ್ಲೆ ಅಂತ ಅಯ್ಯೋ ಪಾಪ ಅನ್ಕಂಡು ಸುಮ್ನಿದ್ದೆ ಟೀಚರಮ್ಮ. ಬೇಟೆ ನಾಯಿ ಅಂತ ಗೊತ್ತಿದ್ರೆ ಅವತ್ತೇ ಗೇಟಿಂದಾಚೆ ಹಾಕ್ತಿದ್ದೆ. ಇವತ್ತು ತೋರ್ಸುತ್ತೆ, ನಾಳೆ ಹಿಡಿಯುತ್ತೆ. ಈ ತಿಂಗ್ಳು ಮುಗಿಯೋದ್ರೊಳಗೆ ಎಲ್ಲಾದ್ರೂ ಬುಟ್ಬುಡಿ. ನೀವ್ ಒಳ್ಳೆಯವ್ರು, ನಿಮ್ಮುನ್ನ ಹೋಗಿ ಅನ್ನಕೆ ನಂಗೂ ಮನಸ್ಸಿಲ್ಲ.”

ಸಾಯಂಕಾಲ ನಮ್ಮವರು ದಾರಿ ಹುಡುಕಿಕೊಂಡು ಬಂದರು. ಆಫೀಸಿನ ಡ್ರೈವರ್ ಒಬ್ಬನಿಗೆ ಗೊತ್ತಿರುವ ಲಾರಿಯವರಿದ್ದಾರಂತೆ. ಹೈವೇಯಲ್ಲಿ ಎಲ್ಲಾದರೂ ಡಾಬಾ ಹತ್ತಿರ ಇಳಿಸಿದರೆ ಬದುಕಿಕೊಳ್ಳುತ್ತದೆ. ನನಗೆ ಮನೆ ಉಳಿಯುತ್ತದೆ, ನೀರು ಉಳಿಯುತ್ತದೆ. ನಾಯಿ ಅಲ್ಲೇ ಕೂತು ಮಗಳ ಸ್ಕೂಲ್ ಬ್ಯಾಗಿನ ಪಟ್ಟಿ ಅಗಿಯುತ್ತಿತ್ತು.

ಬೇಡ ಎಂದವಳು ನಾನು. ಅದರ ಮೇಲೆ ನನಗೇನೂ ಪ್ರೀತಿ ಉಕ್ಕಿರಲಿಲ್ಲ. ಆ ಪಟ್ಟಿಯನ್ನು ಹೊಲಿಯಬೇಕಾದವಳೂ ನಾನೇ. ಆದರೆ ಪ್ರಶ್ನೆ ಅರ್ಥವಾಗದ ಟೀಚರು, ಸರಿಯಾದ ಉತ್ತರ ಬರೆದ ಮಗುವನ್ನು ಕ್ಲಾಸಿನಿಂದ ಆಚೆ ಹಾಕಿದ ಹಾಗೆ ಆಗುತ್ತಿತ್ತು. “ಬೇರೆ ಮನೆ ನೋಡೋಣ ಕಣ್ರೀ” ಅಂದೆ. ಇವರು, “ನಲ್ಲಿ?” ಅಂದರು. “ಮಾತಾಡ್ಬೇಡಿ” ಅಂದೆ.

ಮೂರು ವಾರ ಮನೆ ಹುಡುಕಿದೆವು. ಎಲ್ಲ ಕಡೆಯೂ ನನ್ನ ಮೊದಲ ಪ್ರಶ್ನೆ, ಅಕ್ಕಪಕ್ಕ ಕೋಳಿ ಸಾಕಿದ್ದಾರಾ ಎಂದು. ಬಡಾವಣೆಯಾಚೆ ಒಂದು ಒಂಟಿ ಮನೆಯ ಓನರು, ರಿಟೈರಾದ ಹಿರಿಯರು, ಕನ್ನಡಕ ಮೇಲೆ ಸರಿಸಿ ನನ್ನನ್ನು ನೋಡಿದರು. “ಎಲ್ರೂ ನೀರು ಹೆಂಗೆ ಅಂತ ಕೇಳ್ತಾರೆ, ನೀವೇನಮ್ಮ ಕೋಳಿ ಕೇಳ್ತೀರಿ? ಕೋಳಿ ಇಲ್ಲ. ನೀರೂ ಇಲ್ಲ, ಅಗೋ ಅಲ್ಲಿ ಬೋರ್‌ವೆಲ್ ಪಂಪ್‌ನಿಂದ ತರ್ಬೇಕು.”

“ಕೋಳಿ ಇಲ್ಲ ತಾನೆ?”

“ಇಲ್ಲಮ್ಮ. ಸೂರಲ್ಲಿ ಒಂದಷ್ಟು ಪಾರಿವಾಳ ಇದಾವೆ, ಅಷ್ಟೆ.”

ನಮ್ಮವರು ನನ್ನ ಕಡೆ ನೋಡಿದರು. ಚೈನು ಅವರ ಕೈಯಲ್ಲಿತ್ತು. ಅದರ ಇನ್ನೊಂದು ತುದಿಯಲ್ಲಿ ನಾಯಿ ಆಗಲೇ ಕಾಲು ಮಡಿಸಿ, ಸೂರಿನ ಕಡೆ ಕತ್ತೆತ್ತಿ ಕಲ್ಲಾಗಿ ನಿಂತಿತ್ತು.

“ಮೇಲಿರ್ತವಲ್ಲ, ಪರವಾಗಿಲ್ಲ” ಅಂದೆ.

ಆ ಮನೆಯಲ್ಲಿ ಅದು ಇನ್ನೂ ಏಳು ವರ್ಷ ಬದುಕಿತು. ದಿನಾ ಬೆಳಿಗ್ಗೆ ನಾನು ಪಂಪಿನಿಂದ ನೀರು ತರುವ ಹೊತ್ತಿಗೇ ಪಾರಿವಾಳಗಳು ಸೂರಿನ ಅಂಚಿಗೆ ಬಂದು ಕೂರುತ್ತಿದ್ದವು. ನಾಯಿ ಸರಿಯಾಗಿ ಹೊಸ್ತಿಲಿಗೆ ಅಡ್ಡಲಾಗಿ, ಮೂತಿ ಆಕಾಶಕ್ಕೆತ್ತಿ, ಒಂದು ಕಾಲು ಮಡಿಸಿ ನಿಂತಿರುತ್ತಿತ್ತು. ಕರೆದರೂ ಇಲ್ಲ, ಗದರಿದರೂ ಇಲ್ಲ. ಸೊಂಟದ ಮೇಲೆ ತುಂಬಿದ ಬಿಂದಿಗೆ, ಕೈಯಲ್ಲೊಂದು ಬಕೆಟ್ಟು ಹಿಡಿದು, ಬೈದುಕೊಂಡು, ಅದರ ಬಾಲದ ಹಿಂದಿನಿಂದ ಸುತ್ತಿಕೊಂಡು ಒಳಗೆ ಹೋಗುತ್ತಿದ್ದೆ. ದಿನಕ್ಕೆ ಆರು ಬಿಂದಿಗೆ, ಆರು ಸಲ.